ನಾಲ್ಕನೆಯ ಪ್ಯಾಚ್

ಲೀಲಾಕ್ಷಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಜನರೇಟರ್ ಕೋಣೆಯ ಹಿಂದಿನ ಗೋಡೆಯೆದುರು ಮೊಣಕಾಲೂರಿ ಕೂತಿದ್ದರು. ಮೂಗಿಗೂ ಗೋಡೆಗೂ ನಡುವೆ ಗೇಣಷ್ಟೂ ಅಂತರವಿರಲಿಲ್ಲ.

“ಆಂಟಿ, ಅಲ್ಲಿ ಡೀಸೆಲ್ ಚೆಲ್ಲಿದೆ. ಸೀರೆ ಹಾಳಾಗುತ್ತೆ,” ಎಂದಳು ತನುಶ್ರೀ.

“ಹಾಳಾಗಲಿಕ್ಕೆ ಇದರಲ್ಲಿ ಇನ್ನು ಎಂತ ಉಳಿದುಂಟು? ನೀನು ಸ್ವಲ್ಪ ಆಚೆ ನಿಲ್ಲು ಮಗ, ಬೆಳಕು ಬರಲಿ.”

ತನುಶ್ರೀ ಪಕ್ಕಕ್ಕೆ ಸರಿದಳು. ಮೈಸೂರಿನ ಈ ಹುಡುಗಿ ಪುಣೆಯ ಮಗರಪಟ್ಟಾದ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಳು. ಜೊತೆಗೆ ತಾನಿದ್ದ ‘ಶಮೀ ವಿಹಾರ’ ಎಂಬ ವಸತಿ ಸೊಸೈಟಿಯ ಕಾರ್ಯದರ್ಶಿ. ಬೇರೆ ಯಾರೂ ಒಪ್ಪದೆ ಆ ಹುದ್ದೆ ಅವಳ ಕೊರಳಿಗೆ ಬಿದ್ದಿತ್ತು. ಈಗ ಸೊಸೈಟಿಯ ಕಟ್ಟಡಗಳಿಗೆ ಹೊರಗಿನಿಂದ ಬಣ್ಣ ಬಳಿಸಬೇಕಾಗಿ ಬಂದು, ಅವಳು ರಜೆ ಹಾಕಿ ಗೋಡೆ ಕಾಯುವಂತಾಗಿತ್ತು.

ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡ ನಾಲ್ಕು ಪ್ಯಾಚುಗಳಿದ್ದವು. ಟೆಂಡರ್ ಹಾಕುವ ಪ್ರತಿ ಗುತ್ತಿಗೆದಾರನೂ ಇಲ್ಲಿ ಒಂದು ಬಿರುಕನ್ನು ಕೆತ್ತಿ, ಹೊಸ ಸಿಮೆಂಟು ತುಂಬಿ, ಮೇಲೆ ಪ್ರೈಮರ್ ಹೊಡೆದು, ಎರಡು ಕೋಟು ಬಣ್ಣ ಬಳಿದು ತೋರಿಸಬೇಕೆಂದು ಸೊಸೈಟಿ ಹೇಳಿತ್ತು. ಕೆಳಗಿನ ಅಂಚಿನಲ್ಲಿ ಸ್ವಲ್ಪ ಜಾಗಕ್ಕೆ ಬಣ್ಣ ಬಳಿಯದೆ ಸಿಮೆಂಟನ್ನು ಹಾಗೇ ಬಿಡಬೇಕು, ಬಣ್ಣದ ಅಡಿಯ ಕೆಲಸ ಕಮಿಟಿಯವರ ಕಣ್ಣಿಗೆ ಕಾಣಲಿ ಎಂದು. ಪ್ಯಾಚು ಒಪ್ಪಿಗೆಯಾದವರ ಟೆಂಡರ್ ಲಕೋಟೆಗಳನ್ನು ಮಾತ್ರ ಸಭೆಯಲ್ಲಿ ತೆರೆಯುವುದು. ಆ ಸಭೆ ಇವತ್ತೇ ಸಂಜೆ.

ಮೊದಲ ಮೂರು ಪ್ಯಾಚುಗಳು ಯಾರವೆಂದು ಎಲ್ಲರಿಗೂ ಗೊತ್ತು. ಎರಡನೆಯದು ಸುಹಾಸನದು, ಈ ಸೊಸೈಟಿಯ ಹಿಂದಿನ ಕೆಲಸಗಳನ್ನೂ ಅವನೇ ಮಾಡಿದ್ದ. ನಾಲ್ಕನೆಯದು ‘ನಂದಾದೀಪ ಕೋಟಿಂಗ್ಸ್’ ಎಂಬ ಹೊಸ ಹೆಸರಿನದು. ಆ ಹೆಸರಿನ ಹಿಂದೆ ಇರುವವರನ್ನು ಯಾರೂ ನೋಡಿರಲಿಲ್ಲ.

ನೋಡಿದವರೆಲ್ಲ ನಾಲ್ಕನೆಯದೇ ಚೆನ್ನಾಗಿದೆ ಅಂದಿದ್ದರು. ತೊಂದರೆ ಶುರುವಾದದ್ದೇ ಅಲ್ಲಿಂದ.

ಆ ಪ್ಯಾಚು ಶಂಕ್ರೆಪ್ಪನದೇ, ಬೇರೆ ಹೆಸರಿನ ಮರೆಯಲ್ಲಿ ಅವನೇ ಟೆಂಡರ್ ಹಾಕಿದ್ದಾನೆ ಎಂದು ಸುಹಾಸ ಕಮಿಟಿಗೆ ದೂರು ಕೊಟ್ಟಿದ್ದ. ಶಂಕ್ರೆಪ್ಪ ಸಹಾಯ ಕೇಳಿಕೊಂಡು ನೇರವಾಗಿ ಲೀಲಾಕ್ಷಿಯ ಮನೆಬಾಗಿಲಿಗೆ ಬಂದಿದ್ದ.

ಶಂಕ್ರೆಪ್ಪ ಇಂಡಿ ಕಡೆಯವನು. ಸುಹಾಸನಿಂದ ಒಳಗುತ್ತಿಗೆ ಹಿಡಿದು, ತನ್ನ ಜನರನ್ನು ಕಟ್ಟಿಕೊಂಡು ಬಣ್ಣ ಬಳಿಯುವವನು. ಸೊಸೈಟಿಯವರೊಂದಿಗೆ ಮಾತು, ಚಹಾ, ಬಿಲ್ಲು ಎಲ್ಲ ಸುಹಾಸನದು. ಜೋಲಿ ಕಟ್ಟಿಕೊಂಡು ಗೋಡೆಯ ಮೇಲೆ ತೂಗಾಡುವುದು ಶಂಕ್ರೆಪ್ಪನ ಜನರದು. ಹೀಗೆ ತೂಗಾಡುತ್ತಲೇ ಒಳಗುತ್ತಿಗೆದಾರ ಸೊಸೈಟಿಯವರ ಪರಿಚಯ ಮಾಡಿಕೊಂಡು ಮುಂದಿನ ಸಲ ತಾನೇ ನೇರವಾಗಿ ಟೆಂಡರ್ ಹಾಕಿಬಿಟ್ಟರೆ? ಆ ಭಯಕ್ಕೆ ಸುಹಾಸ ಒಂದು ಕರಾರು ಮಾಡಿಸಿಕೊಂಡಿದ್ದ: ತಾನು ಕೆಲಸ ಮಾಡಿದ ಯಾವ ಸೊಸೈಟಿಗೂ ಎರಡು ವರ್ಷ ಶಂಕ್ರೆಪ್ಪ ಟೆಂಡರ್ ಹಾಕಕೂಡದು. ತನ್ನ ಹೆಸರಲ್ಲೂ ಇಲ್ಲ, ಬೇರೆಯವರ ಹೆಸರಲ್ಲೂ ಇಲ್ಲ.

ಇಂಥ ಕರಾರು ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೋ ಹೇಳಲಾಗದು ಎಂದು ಲೀಲಾಕ್ಷಿಗೆ ಗೊತ್ತಿದ್ದ ಒಬ್ಬ ವಕೀಲರು ಅಂದಿದ್ದರು. ಆದರೆ ಶಂಕ್ರೆಪ್ಪನಿಗೆ ಕೋರ್ಟಿನ ಹೆದರಿಕೆ ಇರಲಿಲ್ಲ. ಪುಣೆಯ ಆ ಕಡೆಯ ದೊಡ್ಡ ಗುತ್ತಿಗೆದಾರರೆಲ್ಲ ಒಳಗೊಳಗೇ ಒಂದು ಮಾತಿಗೆ ಬಂದಿದ್ದರು: ಒಬ್ಬರ ಕರಾರು ಮುರಿದವನಿಗೆ ಉಳಿದವರೂ ಕೆಲಸ ಕೊಡುವಂತಿಲ್ಲ. ಆ ಮಾತನ್ನು ಯಾರೂ ಬರೆದಿಟ್ಟಿರಲಿಲ್ಲ, ಆದ್ದರಿಂದಲೇ ಅದನ್ನು ಯಾವ ವಕೀಲನೂ ಮುಟ್ಟುವಂತಿರಲಿಲ್ಲ. ಇವತ್ತಿನ ಸಭೆಯಲ್ಲಿ ದೂರು ನಿಂತರೆ ಶಂಕ್ರೆಪ್ಪನ ಬ್ರಷ್ಷು ಪುಣೆಯಲ್ಲಿ ಒಣಗಿತು ಎಂದೇ ಅರ್ಥ.

ಲೀಲಾಕ್ಷಿ ನಾಲ್ಕನೆಯ ಪ್ಯಾಚಿನ ಕೆಳಗಿನ ಮೂಲೆಯನ್ನೇ ನೋಡುತ್ತಿದ್ದರು. ಬಣ್ಣ ಬಳಿಯದ ಬೂದು ಸಿಮೆಂಟಿನ ಮೇಲೆ ಕೆಂಪನೆಯ ಗುರುತಿತ್ತು. ಸುಹಾಸನ ದೂರಿನ ಗಟ್ಟಿ ಸಾಕ್ಷಿ ಅದೇ. ಶಂಕ್ರೆಪ್ಪ ಯಾವ ಹೊಸ ಗೋಡೆಯನ್ನೂ ಕುಂಕುಮ ಇಡದೆ ಮುಟ್ಟುವವನಲ್ಲ. ಅವನ ಹೆಂಡತಿ ಬೋರಮ್ಮ ಕೊಟ್ಟ ಪುಟ್ಟ ಕುಂಕುಮದ ಡಬ್ಬಿ ಸದಾ ಅವನ ಅಂಗಿಯ ಜೇಬಿನಲ್ಲಿರುತ್ತದೆ. ಇದು ಆ ಕಡೆಯ ಪೇಂಟರುಗಳಿಗೆಲ್ಲ ಗೊತ್ತಿದ್ದ ಸಂಗತಿ.

“ತನು, ಮನೆಯಲ್ಲಿ ಕುಂಕುಮ ಹೇಗೆ ಇಡುತ್ತೀ?”

“ಹೇಗೆ ಅಂದ್ರೆ? ಬೆರಳಲ್ಲಿ.”

“ಬೆರಳಲ್ಲಿ ಒತ್ತಿ ಇಟ್ಟರೆ ದುಂಡಗೆ ಬರಬೇಕಲ್ಲ? ಇದು ನೋಡು, ಎರಚಿದ ಹಾಗೆ ಉಂಟು. ಕೆಳಗೆ ದಪ್ಪ, ಮೇಲೆ ಹೋದ ಹಾಗೆ ತೆಳು.”

ತನುಶ್ರೀ ಬಗ್ಗಿ ನೋಡಿದಳು. ನಿಜ, ಯಾರೋ ಮುಷ್ಟಿಯಿಂದ ಮೇಲಕ್ಕೆ ತೂರಿದಂತಿತ್ತು. ಕೈ ನಡುಗಿರಬಹುದು ಎಂದಳು. ಲೀಲಾಕ್ಷಿ ತಲೆಯಿಂದ ಒಂದು ಪಿನ್ನು ತೆಗೆದು, ಪ್ಯಾಚಿನ ಪಕ್ಕದ ಹಳೆಯ ಬಣ್ಣದ ಗೋಡೆಯಲ್ಲಿದ್ದ ಸಣ್ಣ ಸೀಳೊಂದನ್ನು ಕೆದಕಿದರು. ಪಿನ್ನಿನ ತುದಿಗೆ ಚಿಟಿಕೆಯಷ್ಟು ಪುಡಿ ಬಂತು. ಅದನ್ನು ಅಂಗೈಗೆ ಉದುರಿಸಿಕೊಂಡು ಬಹಳ ಹೊತ್ತು ನೋಡಿದರು.

ಪುಡಿ ಹಳದಿಯಾಗಿತ್ತು.

ಅವರು ಅಂಗೈ ಮಡಚಿ ಎದ್ದರು. ತನುಶ್ರೀ ಏನೆಂದು ಕೇಳಿದ್ದಕ್ಕೆ ಸಂಜೆ ಸಭೆಗೆ ಮುಂಚೆ ಹೇಳುತ್ತೇನೆ ಎಂದರು. ನಾಲ್ಕನೆಯ ಪ್ಯಾಚಿನ ಕೆಲಸ ನಡೆದ ಭಾನುವಾರ ಗೇಟಿನಲ್ಲಿದ್ದ ಕಾವಲುಗಾರ ಏನು ಹೇಳಿದ ಎಂದು ಇನ್ನೊಮ್ಮೆ ಕೇಳಿಕೊಂಡರು. ಮುಖಕ್ಕೆ ಕರವಸ್ತ್ರ ಕಟ್ಟಿದ ಒಬ್ಬ ಪೇಂಟರು, ಅವನ ಜೊತೆ ಬಕೆಟ್ಟು ಹಿಡಿದ ಒಬ್ಬಳು ಹೆಂಗಸು. ಪೇಂಟರಿನ ಎತ್ತರ, ಬಣ್ಣ, ಬೈಕಿನ ಬಗೆ ಎಲ್ಲ ಕಾವಲುಗಾರನಿಗೆ ನೆನಪಿತ್ತು. ಹೆಂಗಸು ನೀರು ತಂದುಕೊಡಲು ಬಂದವಳಿರಬೇಕು ಎಂದಿದ್ದ. ಅವಳನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ.

“ಲಕೋಟೆಯೊಳಗೆ ಮಾಲೀಕರ ಹೆಸರು ಇರುವುದಲ್ಲವಾ?”

“ಇರುತ್ತೆ ಆಂಟಿ. ಬಟ್ ಎಲ್ಲರ ಎದುರಿಗೇ ಓಪನ್ ಮಾಡ್ಬೇಕು. ಈಗ ನಾನು ಕದ್ದು ನೋಡಿದ್ರೆ ನಾಳೆ ನನ್ನ ಮೇಲೇ ಕಂಪ್ಲೇಂಟ್ ಬರುತ್ತೆ.”

“ಬೇಡ, ಬೇಡ. ನೋಡಬೇಡ,” ಎಂದರು ಲೀಲಾಕ್ಷಿ. ಅವರಿಗೆ ಆ ಹುಡುಗಿ ಮೆಚ್ಚಿಗೆಯಾದಳು.

ಹಡಪಸರದ ರಸ್ತೆಬದಿಯ ಹೋಟೆಲು ಈಗ ಲೀಲಾಕ್ಷಿಯ ಅಣ್ಣನ ಮಗ ಪೃಥ್ವಿರಾಜ್‌ನ ಕೈಯಲ್ಲಿತ್ತು. ಅದಕ್ಕೆ ಮುಂಚೆ ಬಹಳ ವರ್ಷ ಗಲ್ಲಾದ ಮೇಲೆ ಕೂತವರು ಲೀಲಾಕ್ಷಿಯೇ. ಯಾರು ತಿಂದು ದುಡ್ಡು ಕೊಡದೆ ಜಾರುತ್ತಾರೆ, ಯಾರು ಹಸಿದಿದ್ದರೂ ಬರೇ ಚಹಾ ಹೇಳುತ್ತಾರೆ ಎಂದು ದೂರದಿಂದಲೇ ತಿಳಿಯುವಷ್ಟು ಜನರನ್ನು ನೋಡಿದ್ದರು. ಗಲ್ಲಾ ಬಿಟ್ಟ ಮೇಲೆ ಪರಿಚಯದವರು ತಮ್ಮ ಕಷ್ಟಗಳನ್ನು ತಂದು ಅವರ ಮುಂದೆ ಇಡತೊಡಗಿದರು. ಅದೇ ಕೆಲಸವಾಯಿತು.

ಶಂಕ್ರೆಪ್ಪ ಮೂಲೆಯ ಮೇಜಿನಲ್ಲಿ ಕಾದಿದ್ದ. ಗಟ್ಟಿ ಆಳು, ಆದರೆ ಎರಡು ದಿನದಲ್ಲಿ ಕೆನ್ನೆ ಒಳಗೆ ಹೋಗಿತ್ತು. ಮುಂದಿಟ್ಟ ಚಹಾ ಕೆನೆಗಟ್ಟಿತ್ತು.

ಲೀಲಾಕ್ಷಿ ಮೊದಲು ಅವನಿಗೆ ಇಡ್ಲಿ ತರಿಸಿದರು. ತಿನ್ನುವವರೆಗೂ ಏನೂ ಕೇಳಲಿಲ್ಲ. ತಟ್ಟೆ ಖಾಲಿಯಾದ ಮೇಲೆ, ಪ್ಯಾಚನ್ನು ಸರಿಯಾಗಿ ನೋಡಿದ್ದೀರಾ ಎಂದು ವಿಚಾರಿಸಿದರು.

ಅವನು ನೋಡಿದ್ದ. ಅದೇ ಅವನನ್ನು ಕೊರೆಯುತ್ತಿತ್ತು.

“ಅಕ್ಕಾರ, ನಿಮ್ಮ ಮುಂದ ಸುಳ್ಳು ಯಾಕ ಹೇಳ್ಲಿ. ಕೈ ನಂದ ಅದ. ಆದ್ರ ನಾ ಮಾಡಿಲ್ಲ.”

ಅದರರ್ಥ ಏನೆಂದು ಅವರು ಬಿಡಿಸಿ ಹೇಳಿಸಿಕೊಂಡರು. ಎರಡು ಬಣ್ಣಗಳು ಸೇರುವ ಗೆರೆಯನ್ನು ಬೇರೆ ಪೇಂಟರುಗಳು ಟೇಪು ಅಂಟಿಸಿ ತೆಗೆಯುತ್ತಾರೆ. ಶಂಕ್ರೆಪ್ಪ ಟೇಪು ಬಳಸುವುದಿಲ್ಲ. ಬ್ರಷ್ಷಿನ ಕೂದಲನ್ನು ಓರೆಯಾಗಿ ಕತ್ತರಿಸಿಕೊಂಡು, ಉಸಿರು ಹಿಡಿದು, ಒಂದೇ ಎಳೆತದಲ್ಲಿ ಗೆರೆ ಎಳೆಯುತ್ತಾನೆ. ಮೂಲೆಗೆ ಬಂದಾಗ ಬ್ರಷ್ಷನ್ನು ಎತ್ತದೆ ಒಳಕ್ಕೆ ತಿರುಗಿಸುತ್ತಾನೆ. ಆ ತಿರುವು ನಾಲ್ಕನೆಯ ಪ್ಯಾಚಿನಲ್ಲಿತ್ತು. ಸುಹಾಸನ ಕಣ್ಣಿಗೂ ಅದು ತಪ್ಪಿರಲಿಲ್ಲ.

ಹಾಗಾದರೆ ಅವನ ಜನರಲ್ಲೇ ಯಾರೋ ಇರಬೇಕು. ಆದರೆ ಭಾನುವಾರ ಅವನ ಜನರೆಲ್ಲ ಅವನೊಂದಿಗೆ ಇಂದಾಪುರದಲ್ಲಿದ್ದರು, ಅವರಲ್ಲೇ ಒಬ್ಬನ ಮದುವೆಗೆ. ಈ ಮಾತನ್ನು ಲೀಲಾಕ್ಷಿ ಆಗಲೇ ತಾಳೆ ನೋಡಿದ್ದರು. ಆ ಮದುವೆಯ ಅಡುಗೆ ಮಾಡಿದವರು ಕುಂದಾಪುರ ಕಡೆಯವರು, ಹಿಂದೆ ಇದೇ ಹೋಟೆಲಿನಲ್ಲಿದ್ದವರು. ಸಾರಿಗೆ ಖಾರ ಸಾಲದು ಎಂದು ಪಂಕ್ತಿಯಲ್ಲೇ ತಗಾದೆ ತೆಗೆದ ಶಂಕ್ರೆಪ್ಪನನ್ನು ಅವರು ಮರೆತಿರಲಿಲ್ಲ.

ಇನ್ನುಳಿದವನು ಚಂದ್ರಪ್ಪ. ದೀಪಾವಳಿಯ ಹೊತ್ತಿಗೆ ಜಗಳ ಮಾಡಿಕೊಂಡು ಬಿಟ್ಟುಹೋದ ಹಳೆಯ ಮೇಸ್ತ್ರಿ. ಸುಹಾಸನ ಗೋಡೌನಿನ ಹತ್ತಿರ ಅವನು ಓಡಾಡಿದ್ದನ್ನು ಕಂಡವರಿದ್ದರು. ಲೀಲಾಕ್ಷಿ ಅವನ ಹೆಸರು ಎತ್ತಿದಾಗ ಶಂಕ್ರೆಪ್ಪ ಅಲ್ಲವೆಂದು ತಲೆಯಾಡಿಸಿದ. ಚಂದ್ರಪ್ಪನಿಗೆ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಟೇಪು ಅಂಟಿಸಿಕೊಟ್ಟರೂ ಅವನ ಗೆರೆ ಅಂಕುಡೊಂಕಾಗುತ್ತಿತ್ತು. ಜಗಳಕ್ಕೆ ಕಾರಣವೂ ಅದೇ, ಜೋಲಿ ಹತ್ತಬೇಡ ಎಂದದ್ದು.

“ಮತ್ತೆ ಯಾರಿಗೆಲ್ಲ ಕಲಿಸಿದ್ದೀರಿ ಈ ಕೈಯನ್ನು?”

“ಭಾಳ ಮಂದಿಗೆ ಕಲಿಸೀನ್ರಿ. ಒಬ್ಬೊಬ್ಬರದು ಹ್ಯಾಂಗ ನೆನಪಿಡೋದು.”

ಅವನು ಅಷ್ಟು ಹೇಳಿ ಬೀದಿಯ ಕಡೆ ನೋಡಿದ. ಲೀಲಾಕ್ಷಿ ಅವನ ಕೈ ನೋಡಿದರು. ಖಾಲಿ ತಟ್ಟೆಯ ಅಂಚಿನ ಮೇಲೆ ಅವನ ಬೆರಳು ಸುತ್ತುತ್ತಾ ಇತ್ತು.

ನೆನಪಿಲ್ಲದವನ ಬೆರಳು ಹಾಗೆ ಸುತ್ತುವುದಿಲ್ಲ ಎಂದು ಅವರಿಗೆ ಅನ್ನಿಸಿತು. ಆದರೆ ಅವರ ತಲೆಯಲ್ಲಿ ಆಗ ಬೇರೆಯದೇ ಓಡುತ್ತಿತ್ತು. ಮುಂದೆ ಅವರು ಎಷ್ಟೋ ಸಲ ನೆನೆಸಿಕೊಂಡದ್ದು ಈ ಗಳಿಗೆಯನ್ನು. ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕಿತ್ತು.

ಅವರು ಕೇಳಿದ್ದು ಬೇರೆ. ಸುಹಾಸನ ಮನೆದೇವರು ಯಾವುದು?

ಜೇಜುರಿಯ ಖಂಡೋಬಾ ಎಂದ ಶಂಕ್ರೆಪ್ಪ. ಸುಹಾಸನ ಆಫೀಸಿನಲ್ಲಿ ದೊಡ್ಡ ಫೋಟೋ ಇದೆ, ಮೇಜಿನ ಮೇಲೆ ಭಂಡಾರದ, ಅಂದರೆ ಖಂಡೋಬಾನ ಭಕ್ತರು ಮುಷ್ಟಿಯಲ್ಲಿ ಎರಚುವ ಅರಿಶಿನದ, ಬಟ್ಟಲು ಇದೆ, ಹೋದವರ ಹಣೆಗೆಲ್ಲ ಅರಿಶಿನ ಹಚ್ಚಿ ಕಳಿಸುತ್ತಾನೆ.

ಕರಾರು ಮುಗಿಯುವುದು ಯಾವಾಗ?

ಈ ತಿಂಗಳ ಕೊನೆಗೆ.

ಲೀಲಾಕ್ಷಿಗೆ ಲೆಕ್ಕ ಕೂಡಿದಂತಾಯಿತು. ತಿಂಗಳು ಕಳೆದರೆ ಶಂಕ್ರೆಪ್ಪ ಸ್ವತಂತ್ರ. ಆಮೇಲೆ ಅವನು ನೇರವಾಗಿ ಟೆಂಡರ್ ಹಾಕಿದರೆ ಸುಹಾಸನ ಅರ್ಧ ಸೊಸೈಟಿಗಳು ಅವನ ಕಡೆ ತಿರುಗುತ್ತವೆ. ಅದಕ್ಕೆ ಮುಂಚೆಯೇ ಅವನು ಕರಾರು ಮುರಿದ ಎಂದು ತೋರಿಸಿಬಿಟ್ಟರೆ? ಒಂದು ಹೊಸ ಹೆಸರು, ಒಂದು ಪ್ಯಾಚು, ಒಂದು ಕೆಂಪು ಗುರುತು ಸಾಕು.

ಅವರು ಅಡುಗೆಮನೆಗೆ ಹೋಗಿ ಪೃಥ್ವಿರಾಜ್‌ನ ಬುಟ್ಟಿಯಿಂದ ಒಂದು ನಿಂಬೆಹಣ್ಣು ಆರಿಸಿಕೊಂಡರು. ಅತ್ತೆಗೆ ಪಿತ್ತವೇ ಎಂದು ಅವನು ಕೇಳಿದ. ನನಗಲ್ಲ, ಗೋಡೆಗೆ ಎಂದರು.

ಸಭೆಗೆ ಸ್ವಲ್ಪ ಮುಂಚೆ, ಲೀಲಾಕ್ಷಿ ಹೇಳಿದ ಹೊತ್ತಿಗೆ ಸರಿಯಾಗಿ ಸುಹಾಸ ಜನರೇಟರ್ ಕೋಣೆಯ ಹಿಂದೆ ಬಂದ. ಬಿಳಿ ಅಂಗಿ, ಮೃದು ಮಾತು. ಅವನ ತಾಯಿ ಧಾರವಾಡದ ಕಡೆಯವಳಾದ್ದರಿಂದ ಕನ್ನಡ ಸರಾಗವಾಗಿತ್ತು. ಜನ ಅವನನ್ನು ಕೆಟ್ಟವನೆನ್ನುತ್ತಿರಲಿಲ್ಲ. ಕೂಲಿ ತಡ ಮಾಡಿದವನಲ್ಲ, ಜೋಲಿಯಿಂದ ಬಿದ್ದ ಆಳನ್ನು ಆಸ್ಪತ್ರೆಗೆ ತಾನೇ ಹೊತ್ತುಕೊಂಡು ಹೋದವನು. ಲೀಲಾಕ್ಷಿಗೂ ಅದು ಗೊತ್ತಿತ್ತು. ಒಳ್ಳೆಯವರು ತಮ್ಮದೆಂದು ತಿಳಿದದ್ದನ್ನು ಕಾಯಲು ಎಷ್ಟು ದೂರ ಹೋಗುತ್ತಾರೆ ಎನ್ನುವುದೂ ಗೊತ್ತಿತ್ತು.

ತನುಶ್ರೀ ಲಕೋಟೆಗಳ ಕಟ್ಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಶಂಕ್ರೆಪ್ಪ ಸ್ವಲ್ಪ ದೂರದಲ್ಲಿ, ಕೈಕಟ್ಟಿ.

ಲೀಲಾಕ್ಷಿ ಶಂಕ್ರೆಪ್ಪನ ಜೇಬಿನ ಡಬ್ಬಿಯನ್ನು ಕೇಳಿ ತೆಗೆದುಕೊಂಡರು. ನಾಲ್ಕನೆಯ ಪ್ಯಾಚಿನ ಬೂದು ಸಿಮೆಂಟಿನ ಮೇಲೆ, ಕೆಂಪು ಗುರುತಿನ ಪಕ್ಕದಲ್ಲೇ, ಒಂದು ಬೊಟ್ಟು ಕುಂಕುಮ ಒತ್ತಿದರು. ಪರ್ಸಿನಿಂದ ಚಾಕು ತೆಗೆದು ನಿಂಬೆಹಣ್ಣನ್ನು ಕೊಯ್ದರು.

“ಇದು ಬೋರಮ್ಮನ ಕುಂಕುಮ. ಪೇಟೆಯದ್ದು, ಬಣ್ಣದ ಪುಡಿ. ಎಲ್ಲರೂ ನೋಡಿ.”

ನಿಂಬೆಯನ್ನು ಹಿಂಡಿದರು. ಸಿಮೆಂಟು ಸಣ್ಣಗೆ ನೊರೆಯಾಡಿತು. ಕುಂಕುಮ ಕರಗಿ ಕೆಳಕ್ಕೆ ಇಳಿಯಿತು, ಕೆಂಪಾಗಿಯೇ.

ಇನ್ನೊಂದು ಹೋಳನ್ನು ಹಳೆಯ ಗುರುತಿನ ಮೇಲೆ ಹಿಂಡಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ರಸ ಹರಿದ ಜಾಗದಲ್ಲೆಲ್ಲ ಕೆಂಪು ಮಾಸುತ್ತಾ ಬಂತು, ಅದರಡಿಯಿಂದ ಹಳದಿ ಮೇಲೆದ್ದಿತು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿ ಕೆಂಪೆನ್ನುವುದೇ ಉಳಿಯಲಿಲ್ಲ.

“ಓ ಮೈ ಗಾಡ್,” ಎಂದಳು ತನುಶ್ರೀ ಮೆಲ್ಲನೆ.

“ನಿಮ್ಮ ಮನೆಯಲ್ಲಿ ಆರತಿಯ ಕೆಂಪು ನೀರು ಮಾಡುವುದಿಲ್ಲವಾ ಮಗ? ಅರಿಶಿನಕ್ಕೆ ಸುಣ್ಣ ಹಾಕಿದರೆ ಕೆಂಪು. ಹುಳಿ ಬಿದ್ದರೆ ಪುನಃ ಹಳದಿ. ಹೊಸ ಸಿಮೆಂಟಿಗೂ ಸುಣ್ಣದ್ದೇ ಗುಣ. ಇಲ್ಲಿ ಬಿಸಿಲೂ ಬರುವುದಿಲ್ಲ, ಹಾಗಾಗಿ ಬಣ್ಣ ನಿಂತಿದೆ.” ಅವರು ಸುಹಾಸನ ಕಡೆ ತಿರುಗಿದರು. “ಇದು ಕುಂಕುಮ ಅಲ್ಲ. ಅರಿಶಿನ. ಬೆರಳಲ್ಲಿ ಇಟ್ಟದ್ದಲ್ಲ, ಮುಷ್ಟಿಯಲ್ಲಿ ಎರಚಿದ್ದು. ಭಂಡಾರ ಎರಚುವವರು ಯಾರು, ನಾನು ಹೇಳಬೇಕಾ?”

ಸುಹಾಸ ಗುರುತನ್ನು ನೋಡಿದ. ಅವನ ಮುಖದಲ್ಲಿ ಏನೂ ಕದಲಲಿಲ್ಲ.

“ಅಕ್ಕಾ, ನೀವು ಖರೇ ಹುಷಾರ್ ಇದ್ದೀರಿ. ಒಪ್ಪಿದೆ. ಭಂಡಾರನೇ.”

ಅವನು ಇಷ್ಟು ಬೇಗ ಒಪ್ಪಬಾರದಿತ್ತು. ಲೀಲಾಕ್ಷಿಗೆ ಒಳಗೆಲ್ಲೋ ಚುಚ್ಚಿತು. ಆದರೂ ಹಿಡಿದ ದಾರ ಬಿಡಲಿಲ್ಲ. ಕರಾರು ಮುಗಿಯುವ ತಿಂಗಳು, ಅವನ ಆಫೀಸಿನ ಬಟ್ಟಲು, ಯಾರೂ ನೋಡದ ಹೊಸ ಕಂಪನಿ ಎಲ್ಲವನ್ನೂ ಒಂದೊಂದಾಗಿ ಹೇಳಿದರು. ಸುಹಾಸ ಅಡ್ಡ ಬಾಯಿ ಹಾಕದೆ ಕೇಳಿದ. ಜೇಜುರಿಗೆ ಪುಣೆಯ ಅರ್ಧ ಜನ ಹೋಗುತ್ತಾರೆ, ಕರ್ನಾಟಕದಿಂದಲೂ ಬರುತ್ತಾರೆ, ಭಂಡಾರ ತನ್ನೊಬ್ಬನ ಆಸ್ತಿಯಲ್ಲ ಎಂದ. ತಾನು ಜನ್ಮದಲ್ಲಿ ಬ್ರಷ್ಷು ಹಿಡಿದವನಲ್ಲ, ಬೇಕಾದರೆ ಇಲ್ಲೇ ಒಂದು ಗೆರೆ ಎಳೆದು ತೋರಿಸುತ್ತೇನೆ, ನೀವೇ ನಗುತ್ತೀರಿ ಎಂದ.

ಆಮೇಲೆ ಅವನು ಶಂಕ್ರೆಪ್ಪನ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟ.

“ಶಂಕ್ರೆಪ್ಪ, ನೀ ನೋಡು. ಕೈ ನಿಂದು, ಭಂಡಾರ ನಿಂದಲ್ಲ. ಹಂಗಾರ ಯಾರದು? ನಾವೆಲ್ಲ ಕಂಟ್ರಾಕ್ಟರ್ ಮಂದಿ ಕೂತು ಮಾತಾಡಿಬಿಟ್ಟೀವಿ. ಈ ಪ್ಯಾಚ್ ಯಾರದೋ ಅವರಿಗೆ ಇನ್ನ ಈ ಊರಾಗ ಕೆಲಸ ಇಲ್ಲ. ನೀ ಅಲ್ಲಂದ್ರ ನೀ ಮನಿಗೆ ಹೋಗು. ನಾ ಅವರನ್ನ ಹುಡುಕತೀನಿ.”

ಶಂಕ್ರೆಪ್ಪ ಗೋಡೆಯ ಹಳದಿಯನ್ನೇ ನೋಡುತ್ತಿದ್ದ. ಮೊದಲು ಗೊತ್ತಾಗದ ಏನೋ ಅವನಿಗೆ ಈಗ ಗೊತ್ತಾದಂತಿತ್ತು. ಅವನು ಮುಂದೆ ಬಂದು, ಬಗ್ಗಿ, ಬಣ್ಣದ ಗೆರೆ ಮೂಲೆಯಲ್ಲಿ ಒಳಕ್ಕೆ ತಿರುಗುವ ಕಡೆ ಹೆಬ್ಬೆರಳು ಸವರಿದ. ನಿಧಾನವಾಗಿ, ಒಂದೇ ಸಲ.

“ನಾನ ಮಾಡೀನ್ರಿ ಸಾಹೇಬ್ರ,” ಎಂದ.

ತನುಶ್ರೀಗೆ ಅರ್ಥವಾಗಲಿಲ್ಲ. ಲೀಲಾಕ್ಷಿಗೆ ಕೇಳಿಸಿದ್ದು ನಂಬಲಾಗಲಿಲ್ಲ.

“ಎಂತ ಹೇಳುತ್ತೀರಿ ಶಂಕ್ರೆಪ್ಪ? ನೀವು ಭಾನುವಾರ ಈ ಊರಲ್ಲೇ ಇರಲಿಲ್ಲ.”

“ಅಕ್ಕಾರ, ನೀವು ಸುಮ್ಮನಿರ್ರಿ. ಪ್ಯಾಚ್ ನಂದು. ಟೆಂಡರೂ ನಂದ ಅದ. ಯಾರನ್ನೂ ಹುಡುಕೋದು ಬ್ಯಾಡ.”

ಸುಹಾಸ ಫೈಲಿನಿಂದ ಒಂದು ಕಾಗದ ತೆಗೆದ. ನಂದಾದೀಪದ ಟೆಂಡರ್ ತನ್ನದೇ ಎಂಬ ಶಂಕ್ರೆಪ್ಪನ ಒಪ್ಪಿಗೆಯನ್ನು ಮೊದಲೇ ಟೈಪು ಮಾಡಿಸಿ ತಂದಿದ್ದ. ಪೆನ್ನಿನ ಮುಚ್ಚಳ ತೆಗೆದು ಶಂಕ್ರೆಪ್ಪನ ಕೈಗೆ ಕೊಟ್ಟ. ಶಂಕ್ರೆಪ್ಪ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದ. ಅವನು ಅದನ್ನು ಓದಲಿಲ್ಲ. ಲೀಲಾಕ್ಷಿ ಒಂದು ಹೆಜ್ಜೆ ಇಡುವಷ್ಟರಲ್ಲಿ ಕಾಗದ ಸುಹಾಸನ ಫೈಲಿಗೆ ವಾಪಸು ಹೋಗಿತ್ತು.

ಆಗ ಅವರಿಗೆ ಎಲ್ಲವೂ ಕಂಡಿತು, ತಡವಾಗಿ.

ಕೈ ಶಂಕ್ರೆಪ್ಪನದು, ಮಾಡಿದವನು ಅವನಲ್ಲ. ಅಂದರೆ ಅವನ ಪಕ್ಕದಲ್ಲಿ ನಿಂತು ಕಲಿತು, ಆಮೇಲೆ ಅವನನ್ನು ಬಿಟ್ಟು ಖಂಡೋಬಾ ಮನೆದೇವರಾದ ಮನೆ ಸೇರಿದ ಯಾರೋ. ಆ ಯಾರೋ ಎಷ್ಟು ಹತ್ತಿರದವರೆಂದರೆ, ಅವರ ಪಾಲಿನ ಶಿಕ್ಷೆಯನ್ನು ಶಂಕ್ರೆಪ್ಪ ಕ್ಷಣವೂ ಯೋಚಿಸದೆ ತನ್ನ ತಲೆಗೆ ಎಳೆದುಕೊಂಡ.

ಆದರೆ ಆ ಯಾರೋ ಸುಹಾಸನ ಜೊತೆ ಯಾವ ಕರಾರನ್ನೂ ಮಾಡಿಕೊಂಡಿರಲಿಲ್ಲ. ಟೆಂಡರ್ ಹಾಕಲು ಅವರಿಗೆ ಯಾರ ಅಡ್ಡಿಯೂ ಇರಲಿಲ್ಲ. ಅವರನ್ನು ತಡೆಯಲು ಇದ್ದದ್ದು ಒಂದೇ ದಾರಿ, ಈ ಟೆಂಡರ್ ನನ್ನದು ಎಂದು ಶಂಕ್ರೆಪ್ಪನ ಬಾಯಿಂದಲೇ ಹೇಳಿಸುವುದು. ಸುಹಾಸನಿಗೆ ನಂದಾದೀಪ ಯಾರದೆಂದು ಮೊದಲಿಂದ ಗೊತ್ತಿತ್ತು. ಶಂಕ್ರೆಪ್ಪನಿಗೆ ಮಾತ್ರ ಗೊತ್ತಿರಲಿಲ್ಲ. ಗೋಡೆಯ ಮೇಲಿನದು ಭಂಡಾರ ಎಂದು ಅವನಿಗೆ ತೋರಿಸಿಕೊಟ್ಟವರು ಲೀಲಾಕ್ಷಿಯೇ.

ಉಳಿಸಬೇಕೆಂದು ಹಾಕಿದ ಸಹಿಯಿಂದ ಶಂಕ್ರೆಪ್ಪ ತನ್ನನ್ನೂ ಅವರನ್ನೂ ಮುಳುಗಿಸಿದ್ದ.

ಲೀಲಾಕ್ಷಿ ದನಿ ಏರಿಸಲಿಲ್ಲ. ಆ ಕಾಗದ ನಿಲ್ಲುವುದಿಲ್ಲ, ಭಾನುವಾರ ಈ ಮನುಷ್ಯ ಇಂದಾಪುರದಲ್ಲಿ ಊಟಕ್ಕೆ ಕೂತಿದ್ದ, ಬಡಿಸಿದವರನ್ನೇ ಕರೆತರುತ್ತೇನೆ ಎಂದರು.

ಸುಹಾಸ ಇಲ್ಲವೆಂದು ತಲೆಯಾಡಿಸಿದ. ಮಾಲೀಕನಾದವನು ಗೋಡೆಯ ಮುಂದೆಯೇ ಇರಬೇಕೆಂದಿಲ್ಲ, ತಾನೂ ಇರುವುದಿಲ್ಲ ಎಂದ. ಆಮೇಲೆ, ತಾನು ನ್ಯಾಯವಂತ ಎಂದು ತೋರಿಸುವವನಂತೆ, ತನುಶ್ರೀಗೂ ಕೇಳುವ ಹಾಗೆ ಒಂದು ಮಾತು ಸೇರಿಸಿದ.

“ನಂದಾದೀಪದವರಿಗೂ ಶಂಕ್ರೆಪ್ಪಗೂ ಏನೂ ಸಂಬಂಧ ಇಲ್ಲಂತ ತೋರಸ್ರಿ ಅಕ್ಕಾ. ಈ ಕಾಗದ ನಿಮ್ಮ ಮುಂದನ ಹರಿದು ಒಗೀತೀನಿ.”

“ಅದು ಫೇರ್ ಅನ್ಸುತ್ತೆ,” ಎಂದಳು ತನುಶ್ರೀ. “ಲಕೋಟೆಯಲ್ಲಿ ಬೇರೆಯವರ ಹೆಸರಿದ್ದು, ಅವರಿಗೆ ಶಂಕ್ರೆಪ್ಪ ಅಂಕಲ್ ಗೊತ್ತೇ ಇಲ್ಲ ಅಂದ್ರೆ ಟೆಂಡರ್ ವ್ಯಾಲಿಡ್. ನಾನೇ ಕಮಿಟಿಗೆ ಹೇಳ್ತೀನಿ.”

ಒಂದು ಬಾಗಿಲು ಇನ್ನೂ ತೆರೆದಿತ್ತು. ಬಂದವರು ಯಾರೇ ಆಗಲಿ, ಶಂಕ್ರೆಪ್ಪನನ್ನು ನೋಡದಂತೆ ನೇರವಾಗಿ ಸಭೆಗೆ ಹೋದರೆ ಸಾಕು. ಉಳಿದದ್ದನ್ನು ಆಮೇಲೆ ನೋಡಿಕೊಳ್ಳಬಹುದು. ಲೀಲಾಕ್ಷಿ ಶಂಕ್ರೆಪ್ಪನ ತೋಳು ಹಿಡಿದು, ನಡೆಯಿರಿ, ಹೊರಗೆ ಹೋಗೋಣ ಎಂದರು. ಅವನಿಗೆ ಅರ್ಥವಾಯಿತೋ ಇಲ್ಲವೋ, ಎರಡು ಹೆಜ್ಜೆ ಬಂದ.

ತನುಶ್ರೀಯ ಫೋನು ಸದ್ದು ಮಾಡಿತು. ಗೇಟಿನಿಂದ ಕಾವಲುಗಾರ. ನಂದಾದೀಪದವರು ಬಂದಿದ್ದಾರೆ, ಸಭೆಗೆ ಮುಂಚೆ ಪ್ಯಾಚನ್ನು ಒಮ್ಮೆ ನೋಡಬೇಕೆಂದರು, ಅಲ್ಲಿಗೇ ಕಳಿಸಿದ್ದೇನೆ ಎಂದ.

ಜನರೇಟರ್ ಕೋಣೆಯ ಮೂಲೆ ತಿರುಗಿ ಒಬ್ಬಳು ಹೆಂಗಸು ಬಂದಳು. ಇನ್ನೂ ಚಿಕ್ಕ ವಯಸ್ಸು. ಇಸ್ತ್ರಿ ಮಾಡಿದ ಸೀರೆ, ಮೊಣಕೈಯಲ್ಲಿ ಒರೆಸಿದರೂ ಹೋಗದ ಬಿಳಿ ಬಣ್ಣದ ಕಲೆ. ಹಣೆಯಲ್ಲಿ ಅರಿಶಿನ. ಕಾವಲುಗಾರ ಸರಿಯಾಗಿ ನೋಡದೆ ಹೋದವಳು ಇವಳೇ ಎಂದು ಲೀಲಾಕ್ಷಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ನೀರು ತಂದುಕೊಟ್ಟವನು ಆ ಗಂಡಸು. ಗೆರೆ ಎಳೆದವಳು ಇವಳು.

ಅವಳು ತನುಶ್ರೀಗೆ ಕೈಮುಗಿದು ತನ್ನ ಹೆಸರು ಗೋದಾ ಎಂದಳು, ನಂದಾದೀಪ ತನ್ನದು ಎಂದಳು.

ಶಂಕ್ರೆಪ್ಪ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದ. ಲೀಲಾಕ್ಷಿ ಅವನಿಗೂ ಅವಳಿಗೂ ನಡುವೆ ಸರಿದು, ತಡವಾಯಿತು, ಸಭೆ ಆ ಕಡೆ ಎಂದು ಅವಳಿಗೆ ದಾರಿ ತೋರಿಸಿದರು. ಗೋದಾ ಸರಿ ಎಂದು ಹೊರಟಳು. ಹೊರಟವಳು ನಿಂತಳು. ಆ ಬೆನ್ನನ್ನು, ಹಿಂದಕ್ಕೆ ಕಟ್ಟಿದ ಆ ಕೈಗಳನ್ನು ನೋಡಿದಳು. ಸುತ್ತ ಯಾರಿದ್ದಾರೆ ಎನ್ನುವುದು ಅವಳಿಗೆ ಮರೆತುಹೋದಂತಿತ್ತು.

“ಅಪ್ಪಾ,” ಎಂದಳು. “ಅವ್ವ ಆರಾಮ ಅದಾಳ?”

ಶಂಕ್ರೆಪ್ಪ ತಿರುಗಲಿಲ್ಲ.

ಸುಹಾಸ ಫೈಲನ್ನು ಕಂಕುಳಿಗೆ ಸೇರಿಸಿಕೊಂಡು ತನುಶ್ರೀಯ ಕಡೆ ನೋಡಿದ.

“ಕೇಳಿಸ್ತಲ್ರಿ, ಮೇಡಂ?”